ಮೊದಲು ದಾರಿ, ಆಮೇಲೆ ಬೆಲ್ಲ

ಟೀಚರರ ಎಡಗಾಲಿನ ಹೆಬ್ಬೆರಳು ಉಳಿದ ಬೆರಳುಗಳಿಂದ ದೂರ ಸರಿದು, ಅರಶಿನದ ಕೊಂಬಿನ ಹಾಗೆ ಗಂಟುಗಂಟಾಗಿ, ಸ್ವಲ್ಪ ಮೇಲಕ್ಕೆ ಎದ್ದುಕೊಂಡಿತ್ತು. ಎಲ್ಲಿಗೇ ಹೋಗಲಿ, ಕಾಲು ಊರುವ ಮೊದಲು ಆ ಬೆರಳಿನಿಂದ ನೆಲವನ್ನು ಒಮ್ಮೆ ಒತ್ತಿ ನೋಡುತ್ತಿದ್ದರು. ಹೊಳೆಯ ಕಲ್ಲಾದರೆ ಸರಿ. ದಿನವೂ ದಾಟುವ ತರಗತಿಯ ಹೊಸ್ತಿಲಿನ ಆಚೆಗೂ ಅದೇ ಪರೀಕ್ಷೆ. ಗಾರೆಯ ನೆಲ ನಿನ್ನೆ ಇದ್ದಲ್ಲಿಯೇ ಇವತ್ತೂ ಇದೆ ಎಂದು ಬೆರಳು ಒಪ್ಪಿದ ಮೇಲೆಯೇ ಅವರು ಒಳಗೆ ಬಂದು, "ಕೂತುಕೊಳ್ಳಿ" ಎನ್ನುತ್ತಿದ್ದರು.

ಅವರು ನಮಗೆ ಭೂಗೋಳ ಕಲಿಸುತ್ತಿದ್ದರು. ಮನೆ ಬೋಳಾರದಲ್ಲಿ, ಮಂಗಳಾದೇವಿ ಗುಡಿಯಿಂದ ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿ. ಮದುವೆ ಆಗಿರಲಿಲ್ಲ, ಯಾಕೆಂದು ಕೇಳುವ ಧೈರ್ಯ ಆ ಓಣಿಯಲ್ಲಿ ಯಾರಿಗೂ ಇರಲಿಲ್ಲ. ಕೇಳುವ ಕೆಲಸವೆಲ್ಲ ಅವರದ್ದೇ. ಮೀನಿನವಳು ಬುಟ್ಟಿ ಇಳಿಸಿದರೆ ಬಂಗುಡೆಯ ಕಿವಿರು ಎತ್ತಿ ನೋಡಿ, ಮೂಸಿ, "ಇವತ್ತಿಂದಾ?" ಎಂದು ಕೇಳುವರು.

"ಇವತ್ತಿಂದೇ ಟೀಚರೆ, ಈಗ ಬಂದ ದೋಣಿಯದ್ದು."

"ದೋಣಿ ಬಂದದ್ದನ್ನು ನೀನು ನೋಡಿದ್ದಾ?"

"ಅಯ್ಯೋ ದೇವರೇ! ಇವರಿಗೆ ಮೀನು ಬೇಡ ಮಾರಾಯ್ತಿ, ಮೀನಿನ ಜಾತಕ ಬೇಕು," ಎಂದು ಅವಳು ಪಕ್ಕದ ಮನೆಯ ಹೆಂಗಸಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತಿದ್ದಳು. ಟೀಚರ್ ನಗುತ್ತಿರಲಿಲ್ಲ, ಸಿಟ್ಟೂ ಮಾಡುತ್ತಿರಲಿಲ್ಲ. ಇನ್ನೊಂದು ಬಂಗುಡೆಯ ಕಿವಿರು ಎತ್ತುತ್ತಿದ್ದರು.

ನಕ್ಷೆಯ ಮೇಲೂ ಅವರಿಗೆ ನಂಬಿಕೆ ಇರಲಿಲ್ಲ. ಭೂಗೋಳದ ಟೀಚರಿಗೆ ಇದು ವಿಚಿತ್ರ ಗುಣ. ಗೋಡೆಯ ದೊಡ್ಡ ನಕ್ಷೆಯಲ್ಲಿ ಘಟ್ಟದಿಂದ ಇಳಿಯುವ ನೀಲಿ ಗೆರೆಗಳ ಮೇಲೆ ಕೋಲು ಇಟ್ಟು, "ಇದನ್ನು ಬರೆದವನು ಬೇಸಿಗೆಯಲ್ಲಿ ಬಂದಿರ್ತಾನೆ. ಆಷಾಢದಲ್ಲಿ ಬಂದಿದ್ದರೆ ಈ ಗೆರೆ ಇಷ್ಟು ಸಪೂರ ಇರ್ತಿರಲಿಲ್ಲ. ಪರೀಕ್ಷೆಗೆ ಹೀಗೇ ಬರೆಯಿರಿ. ನಡೆಯುವಾಗ ಮಾತ್ರ ನಂಬಬೇಡಿ," ಎನ್ನುತ್ತಿದ್ದರು.

ನಡೆಯುವುದು ಅವರ ಹುಚ್ಚು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಮ್ಮನ್ನು ಸಾಲು ಮಾಡಿಸಿ ಕುಲಶೇಖರದ ಆಚೆಯ ಗುಡ್ಡಗಳಿಗೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿನ ಒಂದು ತೋಡಿನಲ್ಲಿ, ಎಂದರೆ ಸಣ್ಣ ಹಳ್ಳದಲ್ಲಿ, ನಾವು ನೀರು ದಾಟಲು ಕಲಿತದ್ದು. ಬೆಳ್ಳಗೆ ಒಣಗಿದ ಕಲ್ಲಿನ ಮೇಲೆ ಕಾಲಿಡಬಹುದು, ಕಪ್ಪಗೆ ಹೊಳೆಯುವ ಕಲ್ಲಿನ ಮೇಲೆ ಇಡಬಾರದು. ಗಲಗಲ ಎನ್ನುವ ನೀರಿಗೆ ಹೆಚ್ಚು ಆಳ ಇರುವುದಿಲ್ಲ. ಸುಮ್ಮನೆ ಹೋಗುವ ನೀರು ಏನನ್ನೋ ಮುಚ್ಚಿಟ್ಟುಕೊಂಡಿರುತ್ತದೆ. ನೀರಿನ ಬಣ್ಣ ಚಹಾದಂತಾಗಿ ಹಸಿ ಎಲೆ, ಕಡ್ಡಿ ತೇಲಿ ಬಂದರೆ, ಇಲ್ಲಿ ಬಿಸಿಲಿದ್ದರೂ ಮೇಲೆ ಮಳೆ ಬಿದ್ದಿದೆ ಎಂದು ಅರ್ಥ. ಒಬ್ಬೊಬ್ಬರಾಗಿ ದಾಟುವುದಲ್ಲ, ಒಬ್ಬರ ಮಣಿಕಟ್ಟು ಇನ್ನೊಬ್ಬರು ಹಿಡಿದು ದಾಟುವುದು. ಬೆರಳು ಹಿಡಿದರೆ ಜಾರುತ್ತದೆ. ಇವೆಲ್ಲ ಈಗಲೂ ನನಗೆ ಮಗ್ಗಿಯಷ್ಟೇ ಬಾಯಿಪಾಠ.

ಆದರೆ ಅವರ ದೊಡ್ಡ ಪಾಠ ನೀರಿನದ್ದಲ್ಲ, ಮಾತಿನದ್ದು. ನಮ್ಮ ಜನರಿಗೆ "ಇಲ್ಲ" ಎನ್ನಲು ನಾಲಿಗೆ ಏಳುವುದಿಲ್ಲ. ಮನೆಯಲ್ಲಿ ಅಕ್ಕಿ ಮುಗಿದರೂ "ತುಂಬಿಸಬೇಕು" ಎನ್ನುತ್ತೇವೆಯೇ ಹೊರತು ಇಲ್ಲ ಎನ್ನುವುದಿಲ್ಲ. ದಣಿದು ಬಂದ ದಾರಿಹೋಕ, "ಮುಂದೆ ಸಂಕ ಉಂಟಾ?" ಎಂದು ಕೇಳಿದರೆ, ತೋಡಿಗೆ ಅಡ್ಡ ಹಾಕಿದ ಆ ಮರದ ಕಾಲುಸೇತುವೆ ಕೊಚ್ಚಿಹೋಗಿ ವರ್ಷವಾಗಿದ್ದರೂ "ಉಂಟು ಉಂಟು" ಎಂದೇ ಉತ್ತರ. ಸುಳ್ಳು ಹೇಳಬೇಕೆಂದಲ್ಲ, ಬಂದವನ ಮುಖ ಬಾಡಬಾರದೆಂದು. ಟೀಚರ್ ಆ "ಉಂಟು" ಎಂಬ ಮಾತನ್ನು ಸುಮ್ಮನೆ ಹರಿಯುವ ನೀರಿನ ಸಾಲಿಗೆ ಸೇರಿಸಿದ್ದರು. "ಉಂಟಾ ಅಂತ ಕೇಳಲೇಬಾರದು. ನೀವು ಯಾವಾಗ ದಾಟಿದ್ದು ಅಂತ ಕೇಳ್ಬೇಕು. ಅದಕ್ಕೆ 'ಉಂಟು' ಅಂತ ಉತ್ತರ ಕೊಡ್ಲಿಕ್ಕೆ ಆಗುದಿಲ್ಲ," ಎನ್ನುವರು.

ಇದಕ್ಕೆ ಸೇರಿದ ಇನ್ನೊಂದು ಕಟ್ಟಳೆ ಇತ್ತು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು. ಅದು ಮುಗಿಯದೆ ಮಾತಿಲ್ಲ. ಟೀಚರ್ ಮಾತ್ರ ಜಗಲಿಯ ಕೆಳಗೇ ನಿಂತು ದಾರಿಯ ವಿಷಯ ಕೇಳಿ ಮುಗಿಸಿ, ಆಮೇಲೆ ಮೆಟ್ಟಿಲು ಹತ್ತುತ್ತಿದ್ದರು. "ಮೊದಲು ದಾರಿ, ಆಮೇಲೆ ಬೆಲ್ಲ. ಒಬ್ಬರ ಬೆಲ್ಲ ಬಾಯಿಗೆ ಹಾಕಿದ ಮೇಲೆ ಅವರ ಮಾತನ್ನು ತಟ್ಟಿ ನೋಡಿದರೆ ಅದು ಅವಮಾನ."

ಗಂಡುಮಕ್ಕಳ ಶಾಲೆಯವರು ವರ್ಷಕ್ಕೊಮ್ಮೆ ಘಟ್ಟ ಹತ್ತಿ ಬರುತ್ತಿದ್ದರು. ನಮ್ಮನ್ನೂ ಕರೆದುಕೊಂಡು ಹೋಗಬೇಕೆಂದು ಟೀಚರ್ ಶಾಲೆಯ ಮ್ಯಾನೇಜರರನ್ನು ಕೇಳುತ್ತಲೇ ಇದ್ದರು. ಮ್ಯಾನೇಜರರು ಕಾಫಿ ವ್ಯಾಪಾರಿ, ಶಾಲೆಗೆ ಕಟ್ಟಡ ಕೊಟ್ಟವರು. ಹೆಣ್ಣುಮಕ್ಕಳು ಬೆಟ್ಟ ಹತ್ತುವುದರಲ್ಲಿ ಏನೋ ಇದೆ, ಆ ಏನೋ ಒಳ್ಳೆಯದಲ್ಲ ಎಂಬುದು ಅವರ ಗುಮಾನಿ. ಟೀಚರ್ ಬಿಡಲಿಲ್ಲ. ನಾನು ಕೊನೆಯ ತರಗತಿಯಲ್ಲಿದ್ದ ವರ್ಷ ಅನುಮತಿ ಸಿಕ್ಕಿತು. ಷರತ್ತು ಒಂದೇ. ಭಾನುವಾರ ದೀಪ ಹಚ್ಚುವ ಮೊದಲು ಹುಡುಗಿಯರು ಅವರವರ ಮನೆಯಲ್ಲಿರಬೇಕು. ತಪ್ಪಿದರೆ ಇದೇ ಮೊದಲು, ಇದೇ ಕೊನೆ.

ಮಳೆಗಾಲ ಮುಗಿದು ಚಳಿ ಹಿಡಿಯುವ ಹೊತ್ತು. ಶುಕ್ರವಾರ ಮೋಟಾರಿನಲ್ಲಿ ಬೆಳ್ತಂಗಡಿ ದಾಟಿ ಘಟ್ಟದ ಬುಡಕ್ಕೆ ಹೋಗಿ ತಂಗಿದೆವು. ಹತ್ತು ಹನ್ನೆರಡು ಹುಡುಗಿಯರು, ಟೀಚರ್, ಅಕ್ಕಿ ಪಾತ್ರೆ ಹೊರಲು ಶಾಲೆಯ ಜವಾನ ಬಾಬಣ್ಣ. ಬಾಬಣ್ಣನಿಗೆ ವಯಸ್ಸಾಗಿತ್ತು, ಬಾಯಿಗೆ ಆಗಿರಲಿಲ್ಲ. ಜಿಗಣೆ ಹತ್ತದಂತೆ ಟೀಚರ್ ನಮ್ಮ ಕಾಲುಗಳಿಗೆ ಹೊಗೆಸೊಪ್ಪು, ಸುಣ್ಣ ಹಚ್ಚಿಸಿದಾಗ, "ಎಲೆ ಅಡಿಕೆ ಒಂದು ಬಾಕಿ. ಅದೂ ಆದ್ರೆ ಜಿಗಣೆಗೆ ತಾಂಬೂಲ ಪೂರ್ತಿ ಆಯ್ತು," ಎಂದವನು ಅವನೇ.

ಶನಿವಾರ ಹತ್ತಿದೆವು. ಕಾಡಿನ ಒಳಗೆ ದಾರಿ ಎನ್ನುವುದು ಒಣ ಎಲೆಯ ಕೆಳಗಿನ ಒಂದು ಅಂದಾಜು. ನಡುವೆ ಒಂದು ತೋಡು ಅಡ್ಡ ಬಂತು. ಕಲ್ಲಿನಿಂದ ಕಲ್ಲಿಗೆ ಹೆಜ್ಜೆ ಇಟ್ಟು, ಲಂಗದ ಅಂಚು ನೆನೆಯದಂತೆ ದಾಟಿದೆವು. ಟೀಚರ್ ಎಲ್ಲ ಕಲ್ಲನ್ನೂ ಬೆರಳಿನಿಂದ ಒತ್ತಿಯೇ ದಾಟಿದರು. ಅದರಾಚೆ ಹುಲ್ಲಿನ ಬೋಳುಗುಡ್ಡ, ಎದೆ ತುಂಬ ಗಾಳಿ. ಮೇಲೆ ನಿಂತು ಪಡುವಣಕ್ಕೆ ನೋಡಿದರೆ ಬೆಳ್ಳಿಯ ಗೆರೆಯ ಹಾಗೆ ಸಮುದ್ರ ಕಾಣಿಸಿತು. "ಅದು ಸಮುದ್ರವೇ ಅಂತ ನಿಮಗೆ ಹೇಗೆ ಗೊತ್ತು ಟೀಚರ್?" ಎಂದು ನನ್ನ ಗೆಳತಿ ಲೀಲಾ ಕೆಣಕಿದಳು. ಟೀಚರ್ ಬಹಳ ಹೊತ್ತು ನೋಡಿ, "ಗೊತ್ತಿಲ್ಲ. ಇರಬಹುದು," ಎಂದರು. ಅವರ ಮುಖದಲ್ಲಿ ನಗು ಕಂಡದ್ದು ಆಗ.

ಆ ರಾತ್ರಿ ಮೇಲಿನ ಊರಿನ ಒಂದು ಮನೆಯ ಚಾವಡಿಯಲ್ಲಿ ಮಲಗಿದೆವು. ಕಾಲವಲ್ಲದ ಕಾಲದಲ್ಲಿ ಮಳೆ ಹೊಡೆಯಿತು.

ಇಳಿಯುವಾಗ ಬೇರೆ ದಾರಿ ಹಿಡಿಯುವುದೆಂದು ಮೊದಲೇ ನಿಶ್ಚಯವಾಗಿತ್ತು. ಆ ದಾರಿ ಹತ್ತಿರದ್ದು. ಒಂದು ಕೊರಕಲಿಗೆ ನೇರವಾಗಿ ಇಳಿದು, ಅದೇ ತೋಡನ್ನು ಕೆಳಗೆ ಒಂದು ಸಂಕದ ಮೇಲೆ ದಾಟಿದರೆ ಮಧ್ಯಾಹ್ನದ ಮೋಟಾರು ಸಿಗುತ್ತಿತ್ತು. ಸಂಜೆಗೆ ಮಂಗಳೂರು. ಎರಡು ದಾರಿ ಒಡೆಯುವಲ್ಲಿ ಒಂದು ಗುತ್ತಿನ ಮನೆ, ಎಂದರೆ ಆ ಊರಿನ ಹಿರಿಯ ಜಮೀನ್ದಾರರ ಮನೆ ಇತ್ತು. ಟೀಚರ್ ಹಿಂದೆ ಉಳಿದು ಒಬ್ಬಳ ಪಾದದಿಂದ ಜಿಗಣೆ ತೆಗೆಯುತ್ತಿದ್ದರು. ನಾವು ಮುಂದಿದ್ದವರು ಅಂಗಳಕ್ಕೆ ಹೋದೆವೋ ಇಲ್ಲವೋ, ಮನೆಯ ಹೆಂಗಸರು ತಟ್ಟೆ ಹಿಡಿದು ಬಂದರು. ಟೀಚರ್ ಅಂಗಳಕ್ಕೆ ಕಾಲಿಡುವಾಗ ತಟ್ಟೆ ಒಂದು ಸುತ್ತು ಬಂದಾಗಿತ್ತು. ಎಲ್ಲರ ಬಾಯಲ್ಲೂ ಬೆಲ್ಲ.

ಅವರು ನಮ್ಮ ಉಬ್ಬಿದ ಕೆನ್ನೆಗಳನ್ನು ನೋಡಿದರು. ಯಜಮಾನರು ಜಗಲಿಯಲ್ಲಿ ಕೂತಿದ್ದರು. ಬಿಳಿ ಮೀಸೆ, ಹೆಗಲ ಮೇಲೆ ಶಾಲು. "ಬನ್ನಿ ಬನ್ನಿ, ಮೇಲೆ ಬನ್ನಿ. ಸಂಕದ ದಾರಿಯಾ? ಉಂಟು ಉಂಟು, ಆರಾಮದಲ್ಲಿ ಹೋಗಬಹುದು."

"ಯಜಮಾನ್ರೇ, ನೀವು ಅದನ್ನು ದಾಟಿದ್ದು ಯಾವಾಗ?"

ಯಜಮಾನರಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ನನ್ನ ಅಜ್ಜ ಹಾಕಿಸಿದ ಸಂಕ ಅದು."

"ಅಜ್ಜ ಹಾಕಿಸಿದ್ದು ಸರಿ. ನಿನ್ನೆ ಮಳೆ ಬಂದ ಮೇಲೆ ಯಾರಾದರೂ ದಾಟಿದ್ದಾರಾ?"

"ಆಳುಗಳೆಲ್ಲ ಆಚೆ ಊರಿನ ಭೂತದ ಕೋಲಕ್ಕೆ ಹೋಗಿದ್ದಾರೆ. ಮೊನ್ನೆಯೇ ಹೋದದ್ದು." ಅವರ ಮೀಸೆ ಅಲುಗಿತು. "ಉಂಟು ಅಂತ ನಾನು ಹೇಳ್ತಾ ಇದ್ದೇನಲ್ಲ? ನಮ್ಮ ಬೆಲ್ಲ ತಿಂದು ನಮ್ಮ ಮಾತು ನಂಬುದಿಲ್ಲ ಅಂದ್ರೆ ಎಂತ ಅರ್ಥ ಅದಕ್ಕೆ?"

ಬಾಬಣ್ಣ ಮೂಟೆ ಇಳಿಸಿ, "ನಾನು ಇಳಿದು ನೋಡಿ ಬರ್ತೇನೆ ಟೀಚರ್," ಎಂದ.

"ನೀವು ಹೋಗಿ ಬರುವಾಗ ಮಧ್ಯಾಹ್ನ ಕಳೀತದೆ. ಬಾರದೇ ಹೋದ್ರೆ ನನಗೆ ಸಂಕ ಒಂದು, ನೀವೊಂದು, ಎರಡು ಸಂಶಯ ಆಗ್ತದೆ. ಬೇಡ."

ಲೀಲಾಳ ಕಣ್ಣಲ್ಲಿ ನೀರು ಬಂದಿತ್ತು. "ಟೀಚರ್, ಇವತ್ತು ಸಂಜೆ ಮುಟ್ಟದಿದ್ರೆ ಇನ್ನು ಯಾರನ್ನೂ ಬಿಡುದಿಲ್ಲ. ಮ್ಯಾನೇಜರ್ ಹೇಳಿದ್ದಾರಲ್ಲ?"

"ಹೇಳಿದ್ದಾರೆ. ಕೊರಕಲಿಗೆ ಇಳಿದ ಮೇಲೆ ಸಂಕ ಇಲ್ಲದಿದ್ದರೆ, ಆನೆ ಓಡಾಡುವ ಆ ದಾರಿಯಲ್ಲಿ ಕತ್ತಲೆಗೆ ಮೇಲೆ ಹತ್ತಿ ಬರಬೇಕು. ನಿಮ್ಮನ್ನೆಲ್ಲ ಕಟ್ಟಿಕೊಂಡು." ಅವರು ಕೊಡೆಯನ್ನು ಇನ್ನೊಂದು ಕೈಗೆ ಬದಲಿಸಿದರು. "ನಿನ್ನೆ ಹತ್ತಿದ ದಾರಿಯನ್ನು ನಮ್ಮದೇ ಕಾಲು ದಾಟಿದೆ. ಅದರಲ್ಲೇ ಹೋಗುವ. ಮೋಟಾರು ಇವತ್ತು ಸಿಗುದಿಲ್ಲ. ನಾಳೆ ಸಿಕ್ತದೆ."

ಹೊರಡುವಾಗ ಯಜಮಾನರಿಗೆ ಕೈಮುಗಿದರು. ಅವರು ಮುಖ ತಿರುಗಿಸಿದರು.

ನಿನ್ನೆ ಹೆಜ್ಜೆ ಹಾಕಿ ದಾಟಿದ ಕಲ್ಲುಗಳು ಇಂದು ನೀರಿನ ಕೆಳಗಿದ್ದವು. ಚಹಾದ ಬಣ್ಣ, ಮೇಲೆ ಹಸಿ ಎಲೆ. "ಇದೂ ತುಂಬಿದೆಯಲ್ಲ ಟೀಚರೆ, ಅಲ್ಲಿಗೇ ಹೋಗಬಹುದಿತ್ತು ಮಾರ್ರೆ," ಎಂದು ಬಾಬಣ್ಣ ಗೊಣಗಿದ. "ಈ ನೀರು ಎಷ್ಟು ಉಂಟು ಅಂತ ನನ್ನ ಕಣ್ಣಿಗೆ ಕಾಣ್ತದೆ," ಎಂದರು ಟೀಚರ್. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕೊಡೆಯ ತುದಿಯಿಂದ ತಳ ಕುಟ್ಟುತ್ತ ಮೊದಲು ತಾವೇ ಆಚೆಗೆ ಹೋಗಿ ತಿರುಗಿ ಬಂದರು. ಬಾಬಣ್ಣನನ್ನು ಆಚೆ ದಡದಲ್ಲಿ ನಿಲ್ಲಿಸಿದರು. ಆಮೇಲೆ ನಮ್ಮ ಸಾಲಿನ ಪಕ್ಕದಲ್ಲಿ, ನೀರು ಬರುವ ಕಡೆಗೆ ಬೆನ್ನು ಕೊಟ್ಟು, ಒಂದೊಂದೇ ಹೆಜ್ಜೆ ನಮ್ಮ ಜೊತೆ ಸರಿದರು. ನೀರು ಮೊಣಕಾಲು ದಾಟಿ ತೊಡೆಗೆ ಬಂತು. ನಡುವೆ ಲೀಲಾ ಜಾರಿದಳು. ಅವಳ ಮಣಿಕಟ್ಟು ನನ್ನ ಕೈಯಲ್ಲಿತ್ತು, ಆದರೂ ಅವಳು ಅಡ್ಡ ಬಿದ್ದು ನೀರು ಅವಳನ್ನು ಎಳೆಯಿತು. ಟೀಚರ್ ಕೊಡೆ ಬಿಟ್ಟು ಅವಳ ಜಡೆಗೆ ಕೈ ಹಾಕಿದರು. ಬಾವಿಯ ಹಗ್ಗ ಹಿಡಿದ ಹಾಗೆ ಜಡೆ ಹಿಡಿದೇ ಅವಳನ್ನು ದಡಕ್ಕೆ ತಂದರು. ಕೊಡೆ ತೇಲಿ ಹೋಯಿತು. ಆಚೆ ದಡದಲ್ಲಿ ಬಾಬಣ್ಣ ಲೀಲಾಳನ್ನು ನೋಡಿ, "ನಿನ್ನ ಅಮ್ಮ ಹಾಕಿದ ತೆಂಗಿನೆಣ್ಣೆ ಸಾರ್ಥಕ ಆಯ್ತು," ಎಂದ. ಅಳುತ್ತಿದ್ದವಳು ನಕ್ಕಳು.

ಸೋಮವಾರ ಸಂಜೆ ಮಂಗಳೂರಿಗೆ ಮುಟ್ಟಿದೆವು. ಅಷ್ಟರಲ್ಲಿ ಊರು ತನ್ನ ಕೆಲಸ ಮುಗಿಸಿತ್ತು. ಭಾನುವಾರ ಖಾಲಿ ಮೋಟಾರು ಬಂದದ್ದೇ ತಡ, ಹುಡುಗಿಯರು ಹೊಳೆಯಲ್ಲಿ ಹೋದರು ಎಂದು ಒಬ್ಬರು, ಘಟ್ಟದ ಮೇಲೆ ಯಾರಿಗೋ ಒಪ್ಪಿಸಲು ಕರೆದುಕೊಂಡು ಹೋದದ್ದು ಎಂದು ಇನ್ನೊಬ್ಬರು. ನಮ್ಮ ತಂದೆ ಶಾಲೆಯ ಗೇಟಿನಲ್ಲಿ ನಿಂತಿದ್ದರು. ನನ್ನನ್ನು ನೋಡಿದ ಮೇಲೂ ಟೀಚರನ್ನು ನೋಡಿದ ಅವರ ನೋಟದಲ್ಲಿ ಸಂಶಯ ಹೋಗಿರಲಿಲ್ಲ.

ಸ್ವಲ್ಪ ದಿನದಲ್ಲಿ ಗುತ್ತಿನ ಯಜಮಾನರು ಕೋರ್ಟಿನ ಕೆಲಸಕ್ಕೆ ಮಂಗಳೂರಿಗೆ ಬಂದವರು ಮ್ಯಾನೇಜರರ ಮನೆಗೆ ಹೋಗಿ, ಸಂಕ ಕಲ್ಲಿನ ಹಾಗೆ ಉಂಟು, ಕೋಲ ಮುಗಿಸಿದ ಆಳುಗಳು ಆ ಭಾನುವಾರವೇ ಅದರ ಮೇಲೆ ದಾಟಿ ಬಂದರು ಎಂದು ಹೇಳಿದರು. ಟೀಚರಿಗೆ ಕರೆ ಬಂತು. ಸಾಕ್ಷಿಗೆಂದು ನನ್ನನ್ನೂ ಲೀಲಾಳನ್ನೂ ಕರೆದಿದ್ದರು. ಕೋಣೆಯ ಹೊರಗೆ ಮುಖ್ಯೋಪಾಧ್ಯಾಯಿನಿ ಟೀಚರರ ತೋಳು ಹಿಡಿದು ಮೆಲ್ಲಗೆ ಹೇಳಿದರು. "'ಕೆಳಗೆ ತೋಡು ತುಂಬಿತ್ತು, ಹೆದರಿಕೆ ಆಯ್ತು' ಅಂತ ಒಂದು ಮಾತು ಹೇಳಿಬಿಡಿ. ಮ್ಯಾನೇಜರ್ ಕೆಟ್ಟವರಲ್ಲ. ಮುಂದಿನ ವರ್ಷ ಬಿಡ್ತಾರೆ."

"ಕೆಳಗಿನ ತೋಡನ್ನು ನಾನು ನೋಡಲೇ ಇಲ್ಲವಲ್ಲ?" ಎಂದರು ಟೀಚರ್.

ಒಳಗೆ ಹೋಗುವಾಗ ಹೊಸ್ತಿಲಿನಾಚೆ ಬೆರಳು ಒತ್ತಿದ್ದನ್ನು ನಾನು ನೋಡಿದೆ.

"ಸಂಕ ಇತ್ತಂತಲ್ಲ ಟೀಚರ್?" ಎಂದರು ಮ್ಯಾನೇಜರ್.

"ಇತ್ತಂತೆ."

"ಯಜಮಾನರು ಹೇಳಿದ್ದು ಸತ್ಯವೇ ಆಯ್ತಲ್ಲ?"

"ಆಯ್ತು. ಹೇಳುವಾಗ ಅದು ಸತ್ಯ ಅಂತ ಅವರಿಗೂ ಗೊತ್ತಿರಲಿಲ್ಲ. ಅವರು ನೋಡಿರಲಿಲ್ಲ."

"ಒಂದು ಮಾತು ನಂಬಿದ್ದರೆ ಇಷ್ಟೆಲ್ಲ ಆಗ್ತಿರಲಿಲ್ಲ ಮಾರ್ರೆ! ಊರಿಗೆಲ್ಲ ನಾನು ಉತ್ತರ ಕೊಡ್ಬೇಕು."

"ಸಂಕ ಇಲ್ಲದೆ ಹೋಗಿದ್ರೂ ನೀವೇ ಉತ್ತರ ಕೊಡ್ಬೇಕಿತ್ತು. ಆ ಉತ್ತರ ಇದಕ್ಕಿಂತ ಕಷ್ಟದ್ದು."

ಮ್ಯಾನೇಜರರು ಮೇಜಿನ ಮೇಲಿನ ಕನ್ನಡಕವನ್ನು ಎತ್ತಿ ಹಾಕಿಕೊಂಡರು. "ಇನ್ನು ಮುಂದೆ ನಡಿಗೆ ಬೇಡ. ಕುಲಶೇಖರದ್ದೂ ಬೇಡ," ಎಂದರು. ಟೀಚರ್ ತಲೆ ಆಡಿಸಿದರು. ಅವರು ಬಯಸಿದ್ದು ಜೀವನದಲ್ಲಿ ಅದೊಂದೇ ಎಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಆಮೇಲೆ ಅವರು ಪ್ರತಿ ವರ್ಷ ಅನುಮತಿ ಕೇಳಿದರು, ಪ್ರತಿ ವರ್ಷ ಅದು ಸಿಗಲಿಲ್ಲ. ಬೆಂಚುಗಳನ್ನು ಗೋಡೆಗೆ ಸರಿಸಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ತೋಡು ಬರೆದು, ಕಲ್ಲುಗಳನ್ನು ಗುರುತು ಮಾಡಿ, ಹೊಸ ಹೊಸ ಹುಡುಗಿಯರನ್ನು ಮಣಿಕಟ್ಟು ಹಿಡಿಸಿ ದಾಟಿಸುತ್ತಿದ್ದರಂತೆ. ಕಿಟಕಿಯಿಂದ ನೋಡಿದವರು ತಲೆ ಕೆಟ್ಟಿದೆ ಎಂದರು. ಇದನ್ನು ನಾನು ನೋಡಿಲ್ಲ. ಲೀಲಾಳ ತಂಗಿ ದಾಟಿದವಳು, ಅವಳು ಹೇಳಿದ್ದು.

ನಾನು ಮುಂದೆ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆದೆ. ಗಂಟೆಗೆ ಸರಿಯಾಗಿ ಏಳುವುದು, ಗಂಟೆಗೆ ಸರಿಯಾಗಿ ಊಟ. ಅದನ್ನು ಯಾರಿಂದಲೂ ಕಲಿಯಬಹುದು. ಟೀಚರಿಂದ ಕಲಿತದ್ದು ಬೇರೆ. ಒಮ್ಮೆ ಊರಲ್ಲಿ ವಾಂತಿಭೇದಿ ಹರಡಿದಾಗ, "ಬಾವಿಗೆ ಔಷಧಿ ಹಾಕಿ ಆಯ್ತಾ?" ಎಂದು ಕೇಳುವ ಬದಲು "ಹಾಕಿದ್ದನ್ನು ಯಾರು ನೋಡಿದ್ದು?" ಎಂದು ಕೇಳಿದೆ. ಅಡುಗೆಯವಳು ನೀರು ಸೇದುವವನನ್ನು ನೋಡಿದಳು. ಅವನು ಕಾವಲಿನವನನ್ನು ನೋಡಿದ. ಔಷಧಿಯ ಪೊಟ್ಟಣ ಉಗ್ರಾಣದಲ್ಲೇ ಇತ್ತು. ಹುಡುಗಿಯರು ನನ್ನ ಬೆನ್ನ ಹಿಂದೆ 'ನೋಡಿದ್ದಾ ಅಮ್ಮ' ಎಂದು ಕರೆಯುತ್ತಿದ್ದರು. ಆ ಹೆಸರು ನನ್ನದಲ್ಲ, ಬೋಳಾರದ ಟೀಚರರದ್ದು ಎಂದು ಅವರಿಗೆ ತಿಳಿದಿರಲಿಲ್ಲ.

ಟೀಚರ್ ಹಾಸಿಗೆ ಹಿಡಿದಿದ್ದಾರೆಂದು ಕೇಳಿ ಒಂದು ಭಾನುವಾರ ಹೋದೆ. ಕಂಕನಾಡಿಯಿಂದ ಬಂದ ಡಾಕ್ಟರು ಹೊರಡುತ್ತಿದ್ದರು. "ಗುಣ ಆಗ್ತದೆ ಟೀಚರ್," ಎಂದರು.

"ಕಾಯಿಲೆ ಇಷ್ಟು ಜೋರಾದವರು ಗುಣ ಆದದ್ದನ್ನು ನೀವು ನೋಡಿದ್ದೀರಾ?"

ಡಾಕ್ಟರು ಚೀಲದ ಬಾಯಿ ಮುಚ್ಚುತ್ತ, "ಇಲ್ಲ," ಎಂದರು.

"ಹಾಂ. ನೀವು ಒಳ್ಳೆ ಡಾಕ್ಟರು," ಎಂದರು ಟೀಚರ್.

ಪಕ್ಕದ ಮನೆಯ ಹೆಂಗಸು ಕಣ್ಣೊರೆಸಿಕೊಂಡು, "ಹೆದರಬೇಡಿ ಟೀಚರೆ, ಆಚೆ ಎಲ್ಲ ಸುಖವೇ ಉಂಟು," ಎಂದಳು. ಟೀಚರ್ ಅವಳ ಕಡೆ ತಿರುಗಿದರು. ಪ್ರಶ್ನೆ ಬಂತೆಂದು ನಾನು ಕಾದೆ. ಅವರು ಏನೂ ಕೇಳಲಿಲ್ಲ.

ನಾನು ಮಂಚದ ಹತ್ತಿರ ಹೋಗಿ, ರಾತ್ರಿ ಯಾರು ಇರುತ್ತಾರೆ, ಔಷಧಿ ಯಾರು ಕೊಡುತ್ತಾರೆ, ಯಾವ ಹೊತ್ತಿಗೆ ಎಂದು ನನ್ನ ಅಭ್ಯಾಸದಂತೆ ಒಂದರ ಮೇಲೊಂದು ಕೇಳತೊಡಗಿದೆ. ಅವರು ಕೈ ಎತ್ತಿ ತಡೆದರು. ತಲೆದೆಸೆಯಲ್ಲಿ ಬೆಲ್ಲದ ತಟ್ಟೆ, ನೀರಿನ ಚೊಂಬು ಇತ್ತು.

"ಬಿಸಿಲಲ್ಲಿ ಬಂದಿದ್ದಿ. ಮೊದಲು ಬೆಲ್ಲ ತಿನ್ನು ಮಾರಾಯ್ತಿ," ಎಂದರು. "ದಾರಿ ಆಮೇಲೆ ಕೇಳುವ."

ನಾನು ಬೆಲ್ಲ ಬಾಯಿಗೆ ಹಾಕಿಕೊಂಡೆ. ಅದು ಕರಗುವವರೆಗೆ ಇಬ್ಬರೂ ಮಾತಾಡಲಿಲ್ಲ. ಆಮೇಲೆಯೂ ದಾರಿಯ ವಿಷಯ ಬರಲಿಲ್ಲ.

ಮತ್ತೆ ನಾನು ಹೋದಾಗ ಅವರನ್ನು ಅಂಗಳಕ್ಕೆ ತರಲು ಸಿದ್ಧ ಮಾಡಿದ್ದರು. ಪದ್ಧತಿಯಂತೆ ಎರಡು ಕಾಲಿನ ಹೆಬ್ಬೆರಳುಗಳನ್ನೂ ಸೇರಿಸಿ ದಾರದಿಂದ ಕಟ್ಟಿದ್ದರು. ಆ ಅರಶಿನದ ಕೊಂಬು ಬಲಗಾಲಿನ ಬೆರಳಿಗೆ ಒರಗಿ ಸುಮ್ಮನಿತ್ತು. ನಾಲ್ವರು ಎತ್ತಿದರು. ಹೊಸ್ತಿಲಿನ ಆಚೆಗೆ ಒತ್ತಿ ನೋಡದೆ ಟೀಚರ್ ಹೊರಟದ್ದನ್ನು ನಾನು ನೋಡಿದ್ದು ಆ ಒಂದು ದಿನ.